ಬಂದರು ರಸ್ತೆಯ ಕೆಂಪು ಅರಿವೆ

ದೀಪ ಸಣ್ಣದು ಮಾಡಿ, ಹತ್ತಿರ ಸರಿದು ಕೂತುಕೊಳ್ಳಿ. ಇದು ನನ್ನ ಚಿಕ್ಕವ್ವ ಯಂಕವ್ವನ ಮಗಳು ಶೇವಂತಿಗೆ ಆದದ್ದು. ಬೀಳಗಿ ತಾಲೂಕಿನ ಹೊಳೆಸಾಲಿನಲ್ಲಿ ಆದದ್ದು. ನಂಬಿ, ಬಿಡಿ... ನಡುವೆ ಮಾತ್ರ ನಗಬೇಡಿ.

ಮೊದಲನೆಯ ಸಲ ಅವನನ್ನು ಕಂಡಾಗ ಶೇವಂತಿಗೆ ಹೆದರಿಕೆಯಾಗಲಿಲ್ಲ. ಸಿಟ್ಟು ಬಂತು.

ಆಕೆ ಮತ್ತು ಆಕೆಯ ಗೆಳತಿ ಕರೆವ್ವ ಬೀಳಗಿಯಿಂದ ಕೊನೆಯ ಬಸ್ಸಿಗೆ ಬಂದು ಕ್ರಾಸಿನಲ್ಲಿ ಇಳಿದಿದ್ದರು. ಅಲ್ಲಿಂದ ಊರಿಗೆ ನಡೆದೇ ಹೋಗಬೇಕು. ದಾರಿಯಲ್ಲಿ ಒಂದು ಆಲದ ಮರ. ಆಣೆಕಟ್ಟಿನ ಹಿನ್ನೀರು ಬಂದು ಅದರ ಬೇರಿಗೆ ಮುಟ್ಟಿ ನಿಂತಿದೆ. ಮರದ ಆಚೆ ಹಳೆಯ ರಸ್ತೆ ಇಳಿಜಾರಾಗಿ ಹೋಗಿ ನೀರೊಳಗೆ ಮುಳುಗುತ್ತದೆ. ಈಚೆ ಹೊಸ ರಸ್ತೆ... ಅರ್ಧ ಅಗೆದದ್ದು, ಅರ್ಧ ಡಾಂಬರು ಬಿದ್ದದ್ದು.

ಮರದ ಕೆಳಗೆ ಒಬ್ಬ ಮನುಷ್ಯ ಕೆಂಪು ಅರಿವೆ ಅಡ್ಡ ಹಿಡಿದು ನಿಂತಿದ್ದ.

“ತಡೀರಿ,” ಅಂದ. “ಆ ಕಡೆ ಗಾಡಿ ಅದಾವ.”

ಇಬ್ಬರೂ ನಿಂತರು. ರಸ್ತೆ ಕೆಲಸ ನಡೆದಲ್ಲಿ ಹೀಗೆ ಒಬ್ಬ ನಿಲ್ಲುತ್ತಾನೆ, ಆ ಕಡೆಯ ಗಾಡಿ ದಾಟಿದ ಮೇಲೆ ಈ ಕಡೆಯದನ್ನು ಬಿಡುತ್ತಾನೆ. ಅದು ಗೊತ್ತಿದ್ದದ್ದೇ. ನಿಂತರು... ನಿಂತೇ ನಿಂತರು. ಬೆಳಕಿಲ್ಲ, ಹಾರ್ನಿಲ್ಲ. ಜೀರುಂಡೆ ಜೀರ್ ಅನ್ನುತ್ತಿತ್ತು. ನೀರು ಬೇರಿಗೆ ಬಡಿದು ಲೊಚಕ್... ಲೊಚಕ್...

“ನಡಕೊಂಡ ಹೋಗೋರಿಗೂ ಕೆಂಪು ಬಾವುಟ ಏನ ಬೇ?” ಕರೆವ್ವ ಪಿಸುಗುಟ್ಟಿದಳು.

“ಪಗಾರ ತಗೋತಾನ. ಹಿಡೀಲಿ ಬಿಡು.”

ಕೊನೆಗೆ ಬೇಸತ್ತು ಹೊಲದ ಬದುವಿಗೆ ಇಳಿದು ಸುತ್ತುಹಾಕಿ ಹೋದರು. ಶೇವಂತಿ ಒಮ್ಮೆ ತಿರುಗಿ ನೋಡಿದಳು. ಅವನು ಅಲ್ಲೇ ಇದ್ದ. ಮುಖ ರಸ್ತೆಯ ಕಡೆಗಿರಲಿಲ್ಲ, ನೀರಿನ ಕಡೆಗಿತ್ತು.

ಬೆಳಿಗ್ಗೆ ಹೋಗಿ ರಸ್ತೆ ಕೆಲಸದ ಮೇಸ್ತ್ರಿಗೆ ಜೋರು ಮಾಡಿದಳು. ರಾತ್ರಿ ಅಲ್ಲಿ ತಾನು ಯಾರನ್ನೂ ನಿಲ್ಲಿಸಿಲ್ಲ ಅಂದ ಆ ಮೇಸ್ತ್ರಿ. ಸುಳ್ಳು ಹೇಳುತ್ತಾನೆಂದು ಆಕೆ ಮತ್ತಷ್ಟು ಸಿಟ್ಟಾಗಿ ಬಂದಳು. ಆ ರಸ್ತೆಯ ವಿಷಯದಲ್ಲಿ ಸುಳ್ಳು ಕೇಳಿ ಕೇಳಿ ಆಕೆಯ ಕಿವಿ ತೂತಾಗಿತ್ತು.

ಯಾಕೆ ಅಂದರೆ, ಅದು ಬಂದರಿನ ರಸ್ತೆ. ಕೊಂಕಣದ ಕಡಲ ದಂಡೆಯಲ್ಲಿ ದೊಡ್ಡದೊಂದು ಹೊಸ ಬಂದರು ಎದ್ದಿತ್ತು. ಮನೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಗಳನ್ನು ಬೆಂಕಿಪೆಟ್ಟಿಗೆ ಎತ್ತಿದ ಹಾಗೆ ಎತ್ತಿ ಹಡಗಿನಲ್ಲಿಡುವ ಯಂತ್ರಗಳು ಬಂದಿದ್ದವು. ಬೀಳಗಿ, ಮುಧೋಳ, ಜಮಖಂಡಿಯ ಮಾಲು ನೇರ ಅಲ್ಲಿಗೇ ಹೋಗಲಿ ಎಂದು ರಸ್ತೆ ಅಗಲ ಮಾಡಲು ಹೊರಟರು. ಜಮಖಂಡಿಯಲ್ಲಿ ಸಭೆ ಕರೆದು ಗೋಡೆಗೆ ನಕಾಶೆ ಹಚ್ಚಿ ತೋರಿಸಿದರು. ರೈಲೂ ಬರುತ್ತದೆ ಅಂದರು. ರೈಲಿಗೆಂದು ನೆಟ್ಟ ಕಲ್ಲುಗಳಿಗೆ ನಮ್ಮವರು ಎಮ್ಮೆ ಕಟ್ಟುತ್ತಿದ್ದರು. ಊರ ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು, ಮೊದಲು ಹೊಳೆಯನ್ನು ಮನೆ ಬಾಗಿಲಿಗೆ ತಂದರು, ಈಗ ಸಮುದ್ರ ತರುತ್ತಾರಂತೆ ಎಂದು.

ಅವರು ಹಾಗೆ ನಗುವುದಕ್ಕೂ ಕಾರಣವಿತ್ತು. ಹಳೆಯ ಊರು ನೀರಿನಡಿಯಲ್ಲಿತ್ತು. ನೀರು ಏರುವಾಗ ಚಕ್ಕಡಿಗಳಲ್ಲಿ ಸಾಮಾನು ಹೇರಿಕೊಂಡು ಎಲ್ಲರೂ ಮೇಲಿನ ಹೊಸ ಊರಿಗೆ ಬಂದರು. ಶೇವಂತಿ ಆಗ ಸಣ್ಣ ಹುಡುಗಿ, ಹಾಸಿಗೆ ಗಂಟಿನ ಮೇಲೆ ಮಲಗಿ ನಿದ್ದೆ ಮಾಡುತ್ತ ಬಂದವಳು. ಆ ಗಡಿಬಿಡಿಯಲ್ಲಿ ಅವರ ಬೀಸುಕಲ್ಲಿನ ಮೇಲಿನ ಕಲ್ಲು ಎಲ್ಲೋ ಬಿತ್ತು. ಕೆಳಗಿನದಷ್ಟೇ ಬಂತು. ಅಂಗಳದಲ್ಲಿ ಬಿದ್ದಿದ್ದ ಆ ಅರ್ಧ ಕಲ್ಲಿನ ಮೇಲೆ ಯಂಕವ್ವ ಕೋಳಿಗಳಿಗೆ ನೀರಿಡುತ್ತಿದ್ದಳು. ಎತ್ತಿ ಒಗೆ ಅಂದರೆ ಒಗೆಯುತ್ತಿರಲಿಲ್ಲ.

ಆ ಶೇವಂತಿ ದೊಡ್ಡವಳಾಗಿ ಹೊಸ ಊರಿನ ಹೆಂಗಸರನ್ನು ಕೂಡಿಸಿ ಕಡಕ್ ರೊಟ್ಟಿ ಮಾಡಿಸಲು ಶುರುಮಾಡಿದಳು. ಮುಧೋಳದ ಸಂತೆಗೆ ಹೋಯಿತು, ಜಮಖಂಡಿಯ ಅಂಗಡಿಗಳಿಗೆ ಹೋಯಿತು. ಆಮೇಲೆ ಒಬ್ಬ ವ್ಯಾಪಾರಿ ಬಂದು ಅರಬರ ದೇಶಕ್ಕೆ ಕಳಿಸುತ್ತೇನೆ ಅಂದ. ಒಂದು ಪೂರಾ ಪೆಟ್ಟಿಗೆ. ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ, ಜೊತೆಗೆ ಮಹಾಲಿಂಗಪುರದ ಬೆಲ್ಲ. ಹಡಗು ತಪ್ಪಬಾರದು, ತಪ್ಪಿದರೆ ಇನ್ನೊಮ್ಮೆ ಕೇಳುವವನಲ್ಲ ನಾನು ಅಂತಲೂ ಹೇಳಿದ. ಹೆಂಗಸರು ಒಲೆ ಮುಂದೆ ಬೆವರು ಸುರಿಸಿದರು. ರೊಟ್ಟಿ ಹಡಗಿನಲ್ಲಿ ಹೋಗುತ್ತದಂತೆ ಎಂದು ಗಂಡಸರು ಚಾಷ್ಟಿ ಮಾಡಿದರು. ಇದು ದಡ ಮುಟ್ಟಿದರೆ ನೋಡಿ ಎಂದು ಶೇವಂತಿ ಎಲ್ಲರ ಬಾಯಿ ಮುಚ್ಚಿಸಿದ್ದಳು.

ಪೆಟ್ಟಿಗೆ ಹೊರಟದ್ದು ರಾತ್ರಿ. ಮರುದಿನ ಸಂಜೆಗೆ ಬಂದರಿನ ಗೇಟು ದಾಟಬೇಕು. ಲಾರಿ ರಬಕವಿಯ ಜ್ಞಾನೇಶ್ವರನದು. ಸೀಲು ಬಿದ್ದ ಪೆಟ್ಟಿಗೆ ಗೇಟಿನೊಳಗೆ ಹೋಗುವುದನ್ನು ಕಣ್ಣಾರೆ ನೋಡಬೇಕೆಂದು ಶೇವಂತಿಯೂ ಅವನ ಜೊತೆ ಹತ್ತಿ ಕೂತಳು. ರಸ್ತೆಯ ಒಂದೊಂದು ತಗ್ಗಿಗೂ ಹಿಂದಿನಿಂದ ಕಟಕ್... ಕಟಕ್... ರೊಟ್ಟಿ ಮುರಿಯುವ ಸಪ್ಪಳ. ಆಕೆಗೆ ಎದೆಯೊಳಗೇ ಮುರಿದಂತಾಗುತ್ತಿತ್ತು.

“ಮೆಲ್ಲಕ ತಮ್ಮಾ.”

“ಅಕ್ಕಾರ, ಇದಕ್ಕಿಂತ ಮೆಲ್ಲಕ ಹೋದ್ರ ಹಿಂದಕ್ಕ ಹೋಗತೈತ್ರಿ.”

ಆಲದ ಮರ ಬಂತು. ದೀಪದ ಬೆಳಕಿನಲ್ಲಿ... ಕೆಂಪು ಅರಿವೆ.

ಜ್ಞಾನೇಶ್ವರ ಬ್ರೇಕು ಒತ್ತಿದ. ಅಲ್ಲಿ ಒಂದೇ ಗಾಡಿ ಹೋಗುವಷ್ಟು ಜಾಗ, ಮಗ್ಗುಲಿಗೆ ಅಗೆದ ಕುಣಿ. ಎದುರು ಯಾರಾದರೂ ಬಂದರೆ ಅಷ್ಟುದ್ದದ ಲಾರಿ ಹಿಂದಕ್ಕೆ ತೆಗೆಯಲಾಗದು. ನಿಂತರು. ಎದುರಿನಿಂದ ಏನೂ ಬರಲಿಲ್ಲ. ಅವನು ಇಳಿದು ತಿರುವಿನ ತನಕ ನಡೆದು ನೋಡಿ ಬಂದ. ರಸ್ತೆ ಖಾಲಿ ಅಂದ. ಶೇವಂತಿ ಹೊಡಿ ಗಾಡಿ ಅಂದಳು. ಅವನು ಕೀಲಿ ತಿರುವಿದ.

ಕಟ್... ಕಟ್... ಕಟ್...

ಇಂಜಿನ್ನು ಚಾಲೂ ಆಗಲಿಲ್ಲ. ದೀಪ ಮಂಕಾಗಿ ಮಂಕಾಗಿ ಹೋಗಿಬಿಟ್ಟಿತು. ಎಷ್ಟು ಹೊತ್ತು ಕೂತರೋ ಗೊತ್ತಿಲ್ಲ. ಅವನು ಬಾನೆಟ್ಟು ಎತ್ತಿದ, ಇಳಿಸಿದ, ವಯರು ಜಗ್ಗಿದ, ದೇವರ ಹೆಸರು ಹೇಳಿ ಮತ್ತೆ ತಿರುವಿದ. ಅದೇ ಕಟ್... ಕಟ್... ಶೇವಂತಿ ಬಾಗಿಲು ತೆಗೆದು ಧುಮುಕಿದಳು. ನೆಟ್ಟಗೆ ಆ ಮನುಷ್ಯನ ಹತ್ತಿರ ಹೋದಳು. ಅವನು ಮೊದಲಿನ ಹಾಗೇ ನೀರಿಗೆ ಮುಖ ಮಾಡಿ ನಿಂತಿದ್ದ.

“ಅರಿವಿ ತಗೀರಿ,” ಅಂದಳು. “ಹಡಗು ತಪ್ಪತೈತಿ.”

“ತಡಿ. ಆ ಕಡೆ ಗಾಡಿ ಅದಾವ.”

“ಆ ಕಡೆ ನೀರೈತಿ.”

ಅವನು ಅರಿವೆಯನ್ನು ಇನ್ನಷ್ಟು ಮೇಲೆತ್ತಿ ಹಿಡಿದ.

ಶೇವಂತಿಗೆ ತಡೆಯಲಾಗಲಿಲ್ಲ. “ಮನಿ ಕೇಳಿದ್ರ ತಡೀರಿ ಅಂದ್ರು. ರಸ್ತೆ ಕೇಳಿದ್ರ ತಡೀರಿ ಅಂದ್ರು. ಹುಟ್ಟಿದಾಗಿಂದ ಇದನ್ನ ಕೇಳಾಕತ್ತೇನಿ. ಇನ್ನ ನಾ ತಡ್ಯಾಂಗಿಲ್ಲ,” ಎಂದು ಅರಿವೆಗೆ ಕೈ ಹಾಕಿ ಜಗ್ಗಿದಳು.

ಅರಿವೆ ತೊಯ್ದು ತೊಪ್ಪೆಯಾಗಿತ್ತು. ತಣ್ಣನೆಯ ನೀರು ಆಕೆಯ ಮೊಣಕೈ ತನಕ ಇಳಿಯಿತು. ಮಳೆಯಿಲ್ಲ, ಏನಿಲ್ಲ.

ಅವನು ಮೆಲ್ಲಗೆ ತಿರುಗಿದ. ಎದೆಯ ಮೇಲೆ ಪಟ್ಟಿ, ಪಟ್ಟಿಯಲ್ಲಿ ಹಿತ್ತಾಳೆ ಬಿಲ್ಲೆ. ಆ ಬಿಲ್ಲೆಯನ್ನು ಆಕೆ ಸಣ್ಣವಳಿದ್ದಾಗ ಮುಟ್ಟಿ ಆಡಿದ್ದಳು. ಹಳೆಯ ಊರಿನಲ್ಲಿ ಸರಕಾರದ ಕಾಗದ ಮನೆಮನೆಗೆ ಮುಟ್ಟಿಸುತ್ತಿದ್ದ ಓಲೇಕಾರ ರೇವಪ್ಪ. ಊರು ಖಾಲಿಯಾದ ದಿನ ಇದೇ ಮರದ ಕೆಳಗೆ ಕೆಂಪು ಅರಿವೆ ಹಿಡಿದು ಒಳಗೆ ಬರುವ ಲಾರಿಗಳನ್ನು ನಿಲ್ಲಿಸಿ, ಹೊರಗೆ ಹೋಗುವ ಚಕ್ಕಡಿಗಳನ್ನು ಒಂದೊಂದಾಗಿ ದಾಟಿಸಿದವನು ಅವನೇ. ಆಮೇಲೆ ಅವನನ್ನು ಯಾರೂ ನೋಡಲಿಲ್ಲ. ಹೆಂಡತಿ ಮಕ್ಕಳಿಲ್ಲದವನು, ದುಡಿಯಲು ಗೋವಾಕ್ಕೆ ಹೋದನೆಂದು ಜನ ಅಂದುಕೊಂಡರು. ಹೋದದ್ದನ್ನು ನೋಡಿದವರು ಯಾರು ಅಂತ ಒಬ್ಬರೂ ಕೇಳಲಿಲ್ಲ.

“ಯಂಕವ್ವನ ಮಗಳಲ್ಲೇನು ನೀನು?” ಅಂದ. “ನಿಮ್ಮನಿ ಗಾಡಿ ಇನ್ನಾ ಬಂದಿಲ್ಲ.”

“ಬಂದು ಇಪ್ಪತ್ತು ವರ್ಷದ ಮ್ಯಾಲಾತು, ಕಾಕಾ.” ಅಂದಳು ಶೇವಂತಿ.

“ಬಂದೈತಿ... ಪೂರಾ ಬಂದಿಲ್ಲ.”

ಆಗ ಕೇಳಿಸಿತು.

ಮೊದಲು ನೀರೊಳಗೆ ಬುಳು ಬುಳು. ಆಮೇಲೆ ಕಲ್ಲಿನ ಮೇಲೆ ಕಬ್ಬಿಣದ ಪಟ್ಟಿ ಉರುಳುವ ಗರ್ರ್... ಗರ್ರ್... ಎತ್ತಿನ ಕೊರಳ ಗಂಟೆ ಟಿಣ್... ಟಿಣ್... ತಾಮ್ರದ ಕೊಡ ತಾಮ್ರದ ಕೊಡಕ್ಕೆ ಬಡಿಯಿತು. ಒಂದು ಕೋಳಿ ಬುಟ್ಟಿಯೊಳಗಿಂದ ಕೊಕ್ ಅಂದು ಸುಮ್ಮನಾಯಿತು. ಹಳೆಯ ರಸ್ತೆಯಿಂದ ಚಕ್ಕಡಿಗಳು ಸಾಲಾಗಿ ಏರಿ ಬರುತ್ತಿದ್ದವು. ಕಣ್ಣಿಗೆ ಒಂದೂ ಇಲ್ಲ. ಹಸಿ ಮೇವಿನ ವಾಸನೆ, ಎತ್ತಿನ ಬಿಸಿ ಉಸಿರು... ಆಕೆಯ ಸೀರೆಯ ಸೆರಗು ಒಮ್ಮೊಮ್ಮೆ ಅಲುಗಿ ನಿಲ್ಲುತ್ತಿತ್ತು. ಲಾರಿಯೊಳಗೆ ಜ್ಞಾನೇಶ್ವರ ಗಾಜು ಏರಿಸಿ ಕಿವಿ ಮುಚ್ಚಿಕೊಂಡಿದ್ದ. ಅವನ ಬೆನ್ನ ಹಿಂದೆ ಪೆಟ್ಟಿಗೆಯಲ್ಲಿ ರೊಟ್ಟಿಗಳು ಚರ ಚರ ನಡುಗುತ್ತಿದ್ದವಂತೆ. ಅದನ್ನು ಅವನೇ ಹೇಳಿದ್ದು.

ಕೊನೆಗೊಂದು ಚಕ್ಕಡಿ. ಡುಗ್... ಕುಂಯ್. ಡುಗ್... ಕುಂಯ್. ಅದರ ಒಂದು ಗಾಲಿ ಕುಂಟು. ನಮ್ಮ ಚಕ್ಕಡಿಗೆ ಕಾಲು ನೋವು ಎಂದು ಶೇವಂತಿಯ ಅಪ್ಪ ನಗಾಡುತ್ತಿದ್ದದ್ದು ಆ ಗಾಲಿಗೇ. ಅದು ಆಕೆಯ ಮುಂದೆ ಬಂದು ನಿಂತಿತು. ಏನೋ ಜಾರಿತು.

ಧಡ್.

ಮತ್ತೆ ಡುಗ್... ಕುಂಯ್... ಡುಗ್... ಹೊಸ ಊರಿನ ಕಡೆ ದೂರ ದೂರ ಹೋಗಿ ಅಡಗಿತು. ರೇವಪ್ಪ ಕೆಂಪು ಅರಿವೆಯನ್ನು ಕೆಳಗಿಳಿಸಿದ. “ಹೂಂ... ನಡೀರಿ ಇನ್ನ,” ಅಂದ.

ಆಕೆ ಕಣ್ಣು ಮಿಟುಕಿಸಿದಳು. ಮರದ ಕೆಳಗೆ ಯಾರೂ ಇಲ್ಲ. ಆಕಾಶ ಬೆಳ್ಳಗಾಗಿತ್ತು. ಇಂಜಿನ್ನು ಒಂದೇ ತಿರುವಿಗೆ ಗುರ್ ಅಂತು.

ರಸ್ತೆಯ ನಟ್ಟ ನಡುವೆ ಒಂದು ದುಂಡು ಕಲ್ಲು ಬಿದ್ದಿತ್ತು. ಶೇವಂತಿಗೆ ಅದನ್ನು ನೋಡುವ ವ್ಯವಧಾನವಿರಲಿಲ್ಲ, ಕುಣಿಗೆ ಉರುಳಿಸು ಅಂದಳು. ಜ್ಞಾನೇಶ್ವರ ಒಪ್ಪಲಿಲ್ಲ. “ಬ್ಯಾಡ್ರಿ ಅಕ್ಕಾರ. ಅವರು ಕೊಟ್ಟದ್ದನ್ನ ಒಗೀಬಾರದು,” ಎಂದು ಹೊತ್ತು ತಂದು ಆಕೆಯ ಕಾಲಬುಡದಲ್ಲಿಟ್ಟ.

ಲಾರಿ ಬಿಟ್ಟ ಬಾಣದಂತೆ ಹೋಯಿತು. ಹೋಗಿ ಏನು ಬಂತು? ಘಟ್ಟದಲ್ಲಿ ಮತ್ತೆ ರಸ್ತೆ ಕೆಲಸ, ಮತ್ತೆ ಕೆಂಪು ಬಾವುಟ. ಇವು ಜೀವಂತ ಮನುಷ್ಯರು ಹಿಡಿದವು. ಬಂದರು ಮುಟ್ಟಿದಾಗ ಹೊತ್ತು ಮುಳುಗಿ ದೀಪ ಹತ್ತಿದ್ದವು. ಗೇಟಿನವನು ಕೈ ಅಡ್ಡ ಮಾಡಿ “ಥಾಂಬಾ” ಅಂದ. ಅವನ ಭಾಷೆ ಬೇರೆ, ಮಾತು ಅದೇ... ತಡೀರಿ. ದೂರದಲ್ಲಿ ಹಡಗು, ಅದರ ಮೇಲೆ ಬಣ್ಣಬಣ್ಣದ ಪೆಟ್ಟಿಗೆಗಳು. ಶೇವಂತಿ ಸಮುದ್ರ ನೋಡಿದ್ದು ಅದೇ ಮೊದಲು. ಆ ಕಂಬಿಯಾಚೆಯಿಂದ, ಅಳುತ್ತ.

ವ್ಯಾಪಾರಿ ಹೇಳಿದಂತೆಯೇ ಮಾಡಿದ. ಪೆಟ್ಟಿಗೆ ತಿರುಗಿ ಬಂತು. ತಿಂಗಳುಗಟ್ಟಲೆ ಇಡೀ ಊರು ಮುರಿದ ರೊಟ್ಟಿ ತಿಂದಿತು. ಹಡಗಿನ ರೊಟ್ಟಿ ಐತೇನ್ರಿ ಎಂದು ಬಸ್ಸಿನಲ್ಲಿ ಜನ ಅಣಕಿಸುತ್ತಿದ್ದರು. ಎರಡನೆಯ ಪೆಟ್ಟಿಗೆ ಆ ಊರಿಂದ ಹೋಗಲೇ ಇಲ್ಲ.

ಮನೆಗೆ ಬಂದ ದಿನ ಶೇವಂತಿ ಆ ಕಲ್ಲನ್ನು ಅಂಗಳದಲ್ಲಿ ದೊಪ್ಪೆಂದು ಹಾಕಿದಳು. ಹಡಗು ಕೊಟ್ಟು ಇದನ್ನು ತಂದೆ ಅಂದಳು. ಯಂಕವ್ವ ಎದ್ದು ಬಂದು ನೋಡಿದಳು. ಕೋಳಿಯ ನೀರು ಚೆಲ್ಲಿ ತನ್ನ ಅರ್ಧ ಕಲ್ಲನ್ನು ಸೆರಗಿನಿಂದ ಒರೆಸಿದಳು. ಇಬ್ಬರೂ ಎತ್ತಿ ಇಟ್ಟರು. ಮೇಲಿನ ಕಲ್ಲು ಕೆಳಗಿನದರ ಗೂಟದ ಮೇಲೆ ಟಕ್ ಎಂದು ಕೂತಿತು.

“ಅವತ್ತು ಇದು ಬಿದ್ದಾಗ ನಿಮ್ಮಪ್ಪ ತರಾಕ ಹೊಳ್ಳಿ ಹೊಂಟಿದ್ದ,” ಅಂದಳು ಯಂಕವ್ವ. “ಹಿಂದ ಗಾಡಿ ಅದಾವ, ನೀವು ನಡೀರಿ, ಕಲ್ಲು ನಾ ತರತೇನಿ ಅಂದಿದ್ದ ರೇವಪ್ಪ.”

ಇದು ಕಟ್ಟಿದ ಕತೆಯಲ್ಲ. ಜ್ಞಾನೇಶ್ವರ ಇನ್ನೂ ಇದ್ದಾನೆ. ರಾತ್ರಿ ಆ ದಾರಿ ಹಿಡಿಯುವುದಿಲ್ಲ, ಮುಧೋಳ ಸುತ್ತಿ ಹೋಗುತ್ತಾನೆ. ನಾನು ದೂರದಲ್ಲಿದ್ದೇನೆ ನಿಜ, ಆದರೆ ಆಮೇಲೆ ಹೋದಾಗ ಆ ಕಲ್ಲನ್ನು ಕೈಯಾರೆ ಮುಟ್ಟಿದ್ದೇನೆ. ಹೊರಮೈಗೆಲ್ಲ ಪಾಚಿ ಕಟ್ಟಿದ ಕಲೆ, ಒಂದು ಕಡೆ ಸಣ್ಣ ಕಪ್ಪೆಚಿಪ್ಪು ಕಚ್ಚಿಕೊಂಡಿದೆ. ಅಷ್ಟು ವರ್ಷ ನೀರಿನಲ್ಲಿದ್ದ ಕಲ್ಲು. ಶೇವಂತಿ ಅದನ್ನು ತಂದ ದಿನ ಅದರ ಬಾಯೊಳಗೆ ಒಂದು ಹಿಡಿ ಜೋಳದ ಹಿಟ್ಟಿತ್ತು. ಒಣ ಹಿಟ್ಟು. ಈಗಷ್ಟೇ ಬೀಸಿದ ಹಾಗೆ ಬೆಚ್ಚಗಿತ್ತಂತೆ.

ಚಿಕ್ಕವ್ವ ಅದನ್ನು ಡಬ್ಬಿಯಲ್ಲಿ ತೆಗೆದಿಟ್ಟಿದ್ದಾಳೆ. ನಾನು ಮುಚ್ಚಳ ತೆಗೆದು ಮೂಸಿ ನೋಡಿದೆ...

ಇವತ್ತಿಗೂ ಅದಕ್ಕೆ ಹುಳ ಬಿದ್ದಿಲ್ಲ.