ದೀಪ ದೊಡ್ಡದು ಮಾಡು

ಬೆಳಕಿನ ಮಾತು ಬಂತಲ್ಲ ತಾಯಂದಿರೇ, ಅಣ್ಣಂದಿರೇ, ಒಂದು ಕಥೆ ಕೇಳಿ. ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಯಾವ ಊರು ಎಂದು ಕೇಳಬೇಡಿ. ಹೇಳಿದರೆ ಮುಂದಿನ ಸಾಲಿನಿಂದ ಒಬ್ಬರು ಎದ್ದು ಹೋದಾರು!

ಈ ಸಾಹುಕಾರನಿಗೆ ಒಂದು ದೊಡ್ಡ ತೇಗದ ಮೇಜು. ಅದರ ಮೇಲೆ ಏನು ಕೆಲಸ ಮಾಡುತ್ತಿದ್ದ? ಪೇಪರ್ ಓದುತ್ತಿದ್ದ, ಚಹಾ ಕುಡಿಯುತ್ತಿದ್ದ. ಅಷ್ಟೇ. ಒಂದು ದಿನ ಯಾರೋ ಮನೆಯಲ್ಲೇ ಎಲ್‌ಇಡಿ ದೀಪ ಮಾಡುವುದನ್ನು ಮೊಬೈಲಿನಲ್ಲಿ ನೋಡಿದ. ನೋಡಿದ್ದೇ ತಡ, ಹುಚ್ಚು ಹಿಡಿಯಿತು. ಎಲ್‌ಇಡಿ ಪಟ್ಟಿ ತಂದ, ಅಡಾಪ್ಟರ್ ತಂದ, ಬೆಳಕು ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರ್ ತಂದ. ಮೇಜಿನ ಮೇಲೆ ಅಲ್ಯೂಮಿನಿಯಂ ಕಮಾನು ಕಟ್ಟಿ ಪಟ್ಟಿ ಅಂಟಿಸಿದ. ಸ್ವಿಚ್ ಹಾಕಿದ. ಹತ್ತಲಿಲ್ಲ! ಅಂಗಡಿಯವನನ್ನು ಬೈದ, ಕರೆಂಟಿನವರನ್ನು ಬೈದ. ನೋಡಿದರೆ, ಪ್ಲಸ್ ವಯರನ್ನು ತಾನೇ ಮೈನಸ್ಸಿಗೆ ಸೇರಿಸಿದ್ದ. ನಮ್ಮದೂ ಹಾಗೇ ಅಲ್ಲವೇ? ತಿರುವುಮುರುವು ಜೋಡಿಸಿದವರು ನಾವು, ಬೈಗುಳ ದೇವರಿಗೆ!

ಬದಲಿಸಿ ಹಾಕಿದ, ಹತ್ತಿತು. ಭಕ್ತಿಯಿಂದ ಮೊದಲ ಬಲ್ಬಿಗೆ ಕುಂಕುಮ ಹಚ್ಚಿದ. ಪುಣ್ಯಾತ್ಮ, ಅದೊಂದು ಕೆಂಪಗೆ ಉರಿಯತೊಡಗಿತು. ಊದಿನಕಡ್ಡಿ ಬೆಳಗಿ ಮನೆಮಂದಿಗೆಲ್ಲ ಹೇಳಿದ: "ನಾಳೆ ಸಂಜಿಗೆ ಬೀಗರು ಬರ್ತಾರ. ಅವರು ನೋಡೂತನಕಾ ಯಾರೂ ಇದನ್ನ ಹಚ್ಚಬ್ಯಾಡ್ರಿ. ನಾನ ಕೈಯಾರೆ ಮಾಡೇನಿ!"

ಮಗಳ ಮದುವೆ ಇನ್ನೇನು ಬಂದೇಬಿಟ್ಟಿತ್ತು. ಅಕ್ಷತೆಗೆ ಉಡುವ ಸೀರೆಯ ಸೆರಗಿಗೆ ಹೆಂಡತಿ ಕುಚ್ಚು ಕಟ್ಟುತ್ತಿದ್ದಳು. "ಅವ್ವಾ, ಅಂಗಡ್ಯಾಗ ಕೊಡಬ್ಯಾಡ, ನೀನ ಕಟ್ಟಬೇಕು" ಎಂದು ಮಗಳ ಹಟ. ಸೀರೆ ಕುಂಕುಮ ಬಣ್ಣದ್ದು, ದಾರವೂ ಅದೇ ಬಣ್ಣ. ಪಡಸಾಲೆಯ ಟ್ಯೂಬ್‌ಲೈಟು ಬೆನ್ನ ಹಿಂದೆ. ಅವಳ ನೆರಳು ಅವಳ ಕೈಮೇಲೇ. ಕಣ್ಣಲ್ಲಿ ನೀರು ಬರುತ್ತಿತ್ತು, ಅರ್ಧ ಸೆರಗು ಹಾಗೇ ಉಳಿದಿತ್ತು. ಮುಗಿಯದಿದ್ದರೆ ಮಗಳು ಬೇರೆ ಸೀರೆ ಉಟ್ಟು ನಿಲ್ಲಬೇಕು. ತಾಯಿಯ ಜೀವ ಒಪ್ಪೀತೇ?

ಮರುದಿನ ಸಂಜೆ ಸಾಹುಕಾರ ಬೀಗರ ದಾರಿ ಕಾಯುತ್ತ ಕಟ್ಟೆಯ ಮೇಲೆ ಕುಳಿತ. ಹೆಂಡತಿ ಸೀರೆ ತಂದು ಮೇಜಿನ ಮೇಲೆ ಹರವಿ, ದೀಪವನ್ನು ಸಣ್ಣದಾಗಿ ಹಚ್ಚಿಕೊಂಡಳು. ಕಟ್ಟೆಯ ಮೇಲಿದ್ದ ಸಾಹುಕಾರನಿಗೆ ಕಿಟಕಿಯಲ್ಲಿ ಬೆಳಕು ಕಂಡಿತು. ಕೂಗಿದ: "ಏ! ಬೀಗರು ಬರೂ ಹೊತ್ತಾತು. ದೀಪಾ ದೊಡ್ಡದ ಮಾಡು!"

ನೋಡಿ, ಇದು ನಮ್ಮ ಹಿರಿಯರ ಮಾತು. ದೀಪ ಆರಿಸು ಎನ್ನುವುದು ಅಪಶಕುನ. ಅದಕ್ಕೆ ದೊಡ್ಡದು ಮಾಡು ಎನ್ನುತ್ತೇವೆ. ಅರ್ಥ ಮಾತ್ರ ಆರಿಸು ಎಂದೇ. ಆ ತಾಯಿ ಈ ಮಾತು ಕೇಳಿ ಎಷ್ಟು ದೀಪ ಆರಿಸಿದ್ದಳೋ! ಅವತ್ತು ಮಾತ್ರ ರೆಗ್ಯುಲೇಟರನ್ನು ಹಿಡಿದು ಕೊನೆಯತನಕ ತಿರುಗಿಸಿಬಿಟ್ಟಳು. ಮೇಜೆಲ್ಲ ಝಗ್ ಎಂದಿತು.

"ಮಾಡೇನ್ರಿ! ನೀವು ಹೇಳಿದ್ದ ಮಾಡೇನಿ!"

ಬುಸುಗುಡುತ್ತ ಒಳಗೆ ಬಂದ. ಆ ಬೆಳಕಿನಲ್ಲಿ ಹೆಂಡತಿಯ ಬೆರಳು ಕಂಡವು, ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಗುರುತು. ಬೈಯಲು ಬಂದವನು ಬಾಗಿ ನೋಡಿ ಕೇಳಿದ:

"ಇಷ್ಟ ದಿನಾ ಹೆಂಗ ಕಾಣತಿತ್ತ ನಿನಗ?"

"ಎಲ್ಲಿ ಕಾಣತಿತ್ರಿ? ಬೆರಳ ನಂಬಿ ಕಟ್ಟತಿದ್ದೆ."

ಸಾಹುಕಾರ ಕುರ್ಚಿ ಎಳೆದುಕೊಂಡು ಕುಳಿತು ದಾರದ ಎಳೆ ಬಿಡಿಸಿ ಕೊಡತೊಡಗಿದ. ಅಷ್ಟರಲ್ಲಿ ಬೀಗರು ಬಂದರು. "ಎಲ್ಲೈತ್ರೀ ನಿಮ್ಮ ದೀಪಾ?" ಎನ್ನುತ್ತ ಮೇಜಿನ ಮೇಲೆ ಬಾಗಿದರು. ಸಾಹುಕಾರ ತಲೆ ಎತ್ತಲೇ ಇಲ್ಲ. "ನಿಮ್ಮ ಸೊಸೀ ಸೀರಿ ಮ್ಯಾಲೈತ್ರಿ. ನೆಳ್ಳ ಬೀಳ್ತೈತಿ, ಒಂಚೂರ ಸರೀರಿ!"

ಕುಚ್ಚು ಮುಗಿಯಿತು. ಮಗಳು ಅದೇ ಸೀರೆ ಉಟ್ಟು ಅಕ್ಷತೆಗೆ ನಿಂತಳು.

ನಕ್ಕಿರಲ್ಲ? ಈಗ ನಿಮ್ಮ ಪಾಳಿ. ಟಿವಿಯ ಹಿಂದೆ ನೀಲಿ ದೀಪ, ಮೆಟ್ಟಿಲಿಗೊಂದು ದೀಪ, ಷೋಕೇಸಿನ ಗೊಂಬೆಗೂ ದೀಪ. ಒಲೆಯ ಮುಂದೆ? ಇವತ್ತು ಮನೆಗೆ ಹೋದ ಕೂಡಲೇ ಅಡುಗೆಮನೆಯಲ್ಲಿ ನಿಂತು ನೋಡಿ, ಈಳಿಗೆಯ ಮೇಲೆ ಯಾರ ನೆರಳು ಬೀಳುತ್ತದೆ ಎಂದು. ದೀಪ ಸರಿಸಿ. ಬಿದ್ದದ್ದು ನಿಮ್ಮದೇ ನೆರಳಾದರೆ ನೀವೇ ಸರಿಯಿರಿ!

ಮನೆಯವರೆಗೆ ಯಾಕೆ ಕಾಯಬೇಕು? ಇಲ್ಲೇ ನೋಡಿ. ನನ್ನ ಮುಖಕ್ಕೆ ಎರಡು ಫೋಕಸ್ ಲೈಟು. ಹಿಂದುಗಡೆ ಪ್ರಸಾದದ ಪಾತ್ರೆ ತೊಳೆಯುವ ತಾಯಂದಿರು ಕತ್ತಲಲ್ಲಿ ತಡಕಾಡುತ್ತಿದ್ದಾರೆ. ಮೈಕಿನ ಅಣ್ಣಾ, ಇವೆರಡನ್ನೂ ಬಿಚ್ಚಿ ಅಲ್ಲಿ ಕಟ್ಟು. ಆಮೇಲಲ್ಲ, ಈಗಲೇ ಏಳು. ನನ್ನ ಮುಖ ನೋಡಿ ಇವರಿಗೆ ಆಗಬೇಕಾದ್ದೇನೂ ಇಲ್ಲ. ಮಾತು ಕಿವಿಗೆ ಬಿದ್ದರೆ ಸಾಕು.