ಕೆಳಗ್ಯಾರು?

ಹೊಲಿಗೆ ಅಂಗಡಿಯಲ್ಲಿ ಕರೆಂಟು ಹೋದಾಗ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಆದರೆ ಮಳೆ ಹಿಡಿದಿದ್ದ ರೀತಿ ನೋಡಿದರೆ ಯಾರೂ ಬೇಗ ಮನೆ ಮುಟ್ಟುವ ಹಾಗೆ ಕಾಣಲಿಲ್ಲ. ಮಷಿನ್ನುಗಳು ಒಂದೊಂದಾಗಿ ಸುಮ್ಮನಾದವು. ಹುಡುಗಿಯರು ಸ್ಟೂಲು ಎಳೆದುಕೊಂಡು ಗುಂಡಿ ಅಜ್ಜಿಯ ಮೇಣದಬತ್ತಿಯ ಸುತ್ತ ಕೂತರು. ಅಂಗಿಗಳಿಗೆ ಗುಂಡಿ ಹಚ್ಚುವುದು ಅಜ್ಜಿಯ ಕೆಲಸ. ಕಣ್ಣು ಮಂಜಾದರೂ ಬೆರಳಿಗೆ ದಾರಿ ಗೊತ್ತು ಎಂದು ಕತ್ತಲಲ್ಲೂ ಸೂಜಿ ಕೆಳಗಿಡುತ್ತಿರಲಿಲ್ಲ.

“ಒಂದು ದೆವ್ವದ ಕತೆ ಹೇಳಿ ಅಜ್ಜಿ,” ಅಂದಳು ಗುಂಡಿ ತೂರಿಸುವ ಕಾಜಾ ಹೊಲಿಯುವವಳು. “ದೆವ್ವ ಅಂದರೆ ನಮ್ಮ ಮೇಸ್ತ್ರಿ ಥರಾನೇ ಇರಬೇಕು, ಅಲ್ವಾ?”

“ಮೇಸ್ತ್ರಿ ಸಂಬಳ ತಗೊಂಡು ಕಾಡ್ತಾನೆ ಕಣೇ. ದೆವ್ವ ಪಾಪ, ಬಿಟ್ಟಿ ದುಡಿಯತ್ತೆ.”

ನಗು ಎದ್ದಿತು. ಅಜ್ಜಿ ನಗಲಿಲ್ಲ. ದಾರ ಹಲ್ಲಿನಲ್ಲಿ ಕಡಿದು ಶುರು ಮಾಡಿದಳು.

ಕೇಳಿ ಹಾಗಾದರೆ... ಈಗ ಕೂತಿದ್ದೀವಲ್ಲ, ಈ ತಗಡಿನ ಚಾವಣಿ ಕೆಳಗೆ, ಇದು ಆಗ ಹಿತ್ತಿಲು ಕಣ್ರಮ್ಮಾ. ಮುಂದಿನ ಎರಡು ಕೋಣೆಯಷ್ಟೇ ಮನೆ. ಇಲ್ಲೊಂದು ಮಳೆಮರ ಇತ್ತು. ಮರ ಅಂದರೆ ಎಂಥಾ ಮರ, ನಡುಮಧ್ಯಾಹ್ನದಲ್ಲೂ ಈ ಮನೆಗೆ ಬಿಸಿಲು ಸೋಕೋಕೆ ಬಿಡದ ಮರ. ಮನೆಯವಳೂ ಹೊಲಿಗೆಯವಳೇ, ಬೀದಿಗೆಲ್ಲ ದರ್ಜಿಯಕ್ಕ. ಗಂಡ ಬಸ್ ಡ್ರೈವರು, ಮೂಗಿನ ತುದೀಲೇ ಕೋಪ.

ಊರಲ್ಲಿ ಮರದ ಕೆಲಸಕ್ಕೆ ಅಂತ ಇದ್ದವನು ಒಬ್ಬನೇ, ಮರದಣ್ಣ. ಒಣಗಿದ್ದು ಇಳಿಸೋದು, ಭಾರದ ಕೊಂಬೆ ಸವರೋದು, ಹುಳ ಬಿದ್ದದ್ದಕ್ಕೆ ಮದ್ದು ಬಳಿಯೋದು, ಎಲ್ಲಾ ಅವನೇ. ಅವನು ಮೇಲೆ, ಹೆಂಡತಿ ಕೆಳಗೆ ಹಗ್ಗ ಹಿಡಿದು. ಅವರ ಕೆಲಸಕ್ಕೆ ಒಂದು ಕಟ್ಟು ಇತ್ತು. ಪ್ರತಿ ಕೊಂಬೆಗೂ, ಕೊನೇ ಏಟು ಹಾಕೋ ಮುಂಚೆ, ಅವನು ಮೇಲಿಂದ ಕೂಗೋನು, “ಕೆಳಗ್ಯಾರು?” ಅವಳು ಸುತ್ತ ಕಣ್ಣಾಡಿಸಿ, “ಯಾರೂ ಇಲ್ಲ!” ಅನ್ನೋಳು. ಆಮೇಲೇ ಏಟು. ಎಲೆ ಅಡ್ಡ ಇರತ್ತಲ್ಲ, ಮೇಲಿರೋನಿಗೆ ನೆಲ ಎಲ್ಲಿ ಕಾಣಬೇಕು? ಕೆಳಗಿರೋರ ಮಾತೇ ಅವನಿಗೆ ಕಣ್ಣು.

ಒಂದು ಸಲ ಕೊಂಬೆ ಸವರೋಕೆ ಅವರನ್ನ ಕರೆಸಿದ್ದರು. ಡ್ರೈವರು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ. ಕೊಡಲಿ ಸದ್ದಿಗೆ ನಿದ್ದೆ ಹತ್ತದೆ ತಲೆ ಕೆಟ್ಟಿತ್ತು. ಹೊರಗೆ ಹಗ್ಗ ಪೊದೆಗೆ ಸಿಕ್ಕಿಕೊಂಡಿದೆ, ಮರದಣ್ಣನ ಹೆಂಡತಿ ಕೊಂಬೆ ಕೆಳಗೇ ಬಗ್ಗಿ ಬಿಡಿಸ್ತಿದಾಳೆ. ಮೇಲಿಂದ ಕೂಗು ಬಂತು. ಅವಳು ಬಾಯಿ ತೆಗೆಯೋಕೆ ಮುಂಚೆ ಇವನು ಕಿಟಕಿಯೊಳಗಿಂದ, “ಯಾರೂ ಇಲ್ಲ, ಬೇಗ ಕಡಿದು ತೊಲಗಯ್ಯಾ!” ಅಂತ ಕಿರುಚಿದ. ಮನೆ ಯಜಮಾನ, ನೋಡೇ ಹೇಳಿರ್ತಾನೆ ಅಂದುಕೊಂಡ ಮರದಣ್ಣ... ಏಟು ಹಾಕಿದ.

ಮುಂದಿನದ್ದು ಬಾಯಿಬಿಟ್ಟು ಹೇಳಬೇಕಾ?

ಅವತ್ತು ಇಳಿದವನು ಮತ್ತೆ ಯಾವ ಮರಾನೂ ಹತ್ತಲಿಲ್ಲ. ಡ್ರೈವರು ಆ ಕಿಟಕಿಗೆ ಹಲಗೆ ಹೊಡೆಸಿದ. ಹೊಡೆಸಿ ಏನು ಬಂತು? ಕೊರಗಿ ಕೊರಗಿ ಅವನೂ ಹೋದ. ದರ್ಜಿಯಕ್ಕನ ಪಾಲಿಗೆ ಉಳಿದದ್ದು ಮಗಳು, ಮಷಿನ್ನು, ಆ ಮರ.

ಮರಾನೂ ಸುಮ್ಮನಿರಬೇಕಲ್ಲ... ಬುಡದಲ್ಲಿ ಅಣಬೆ ಎದ್ದವು. ಗಾಳಿ ಬೀಸಿದಾಗೆಲ್ಲ ಒಳಗಿಂದ ನರಳೋ ಸದ್ದು. ಮಳೆಗಾಲಕ್ಕೆ ಮುಂಚೆ ಅದು ಚಾವಣಿ ಕಡೆಗೆ ವಾಲಿಬಿಟ್ಟಿತ್ತು. ಮನೇಲಿ ಆಗ ಮಗಳು ಹೆತ್ತು ಮಲಗಿದಾಳೆ, ಕಣ್ಣೂ ಸರಿಯಾಗಿ ಬಿಡದ ಕೂಸು. ಅಳಿಯ ದೂರದೂರಲ್ಲಿ ದುಡಿಯೋನು, ಬೇರೆ ಕಡೆ ಹೋಗೋಣ ಅಂದರೆ ಯಾರಿದಾರೆ? ಪಕ್ಕದೂರಿನ ಮರ ಕಡಿಯೋರು ಬಂದು ನೋಡಿ, ಇದನ್ನ ಉರುಳಿಸೋಕೆ ಜಾಗಾನೇ ಇಲ್ಲ, ತುಂಡು ತುಂಡಾಗಿ ಇಳಿಸಬೇಕು, ನಮ್ಮ ಕೈಲಾಗಲ್ಲ ಅಂದು ಹೋದರು. ಕೊನೆಗೆ ಅವಳು ಮುಖ ಎಲ್ಲಿಡಬೇಕೋ ತಿಳೀದೆ ಮರದಣ್ಣನ ಬಾಗಿಲಿಗೆ ಹೋಗಿ ನಿಂತಳು.

“ಅದೇ ಮರಾನಾ ಅಕ್ಕಾ?”

“ಅದೇ ಕಣಣ್ಣಾ. ಕೇಳೋಕೆ ನನಗೆ ಬಾಯಿಲ್ಲ. ಆದರೆ ಒಳಗೆ ಕೂಸಿದೆ.”

ಅವನು ಗೋಡೆಗೆ ತೂಗಿಹಾಕಿದ್ದ ಹಗ್ಗ ಇಳಿಸಿಕೊಂಡ. “ಬರ್ತೀನಿ. ಕೆಳಗೆ ನೀವೇ ನಿಂತು ಉತ್ತರ ಕೊಡಬೇಕು. ಕಿಟಕಿಯಿಂದಲ್ಲ.”

ಮಾರನೇ ಬೆಳಗ್ಗೆ ಬಂದ. ಹಗ್ಗ ಕಟ್ಟಿದ, ಹತ್ತಿದ, ಮನೆ ಮೇಲೆ ವಾಲಿದ್ದ ದೊಡ್ಡ ಕೊಂಬೆಗೆ ಕೊಡಲಿ ಹಾಕಿದ. ಗರಗಸದ ಮಷಿನ್ನು ಆಗ ಎಲ್ಲಿತ್ತು? ಅರ್ಧಕ್ಕಿಂತ ಹೆಚ್ಚು ಕಡಿದು ನಿಲ್ಲಿಸಿ, ಕೂಗಿದ.

“ಕೆಳಗ್ಯಾರು?”

ದರ್ಜಿಯಕ್ಕ ಇನ್ನೂ ಉಸಿರು ಎಳ್ಕೊಂಡಿರಲಿಲ್ಲ. ಪೊದೆ ಹತ್ತಿರದಿಂದ ಒಂದು ಹೆಣ್ಣು ದನಿ, ಗಾಬರಿಯಿಲ್ಲ, ಅವಸರ ಇಲ್ಲ, ದಿನಾ ಮಾತಾಡೋ ಹಾಗೆ...

“ನಾನಿದ್ದೀನಿ ರೀ. ಸ್ವಲ್ಪ ತಡೀರಿ, ಹಗ್ಗ ಸಿಕ್ಕಿಕೊಂಡಿದೆ.”

ಮೇಲೆ ಕೊಡಲಿ ನಿಂತಿತು. ಮತ್ತೆ ಕೂಗಿದ, ಮತ್ತೆ ಅದೇ ಉತ್ತರ. ಅವನಿಗೆ ಕಡಿಯೋ ಧ್ಯಾನವೇ ಹೋಯಿತು ಕಣ್ರೇ! ಕೂಗೋದು, ಕೇಳೋದು, ಕೂಗೋದು, ಕೇಳೋದು... ಮೊದಮೊದಲು ದನಿ ನಡುಗ್ತಿತ್ತು, ಆಮೇಲೆ ನಡುಕ ಹೋಗಿ ಅದರಲ್ಲಿ ಒಂಥರಾ ಸುಖ ಬಂತು. ಸಂಜೆಗೆ ಇಳಿದು, “ನಾಳೆ ಬರ್ತೀನಿ ಅಕ್ಕಾ,” ಅಂದ. ನಾಳೆಯೂ ಅಷ್ಟೇ ಆಯಿತು. ಅದರ ಮಾರನೇ ದಿನಾನೂ. ಅರ್ಧ ಕಡಿದ ಕೊಂಬೆ ಮನೆ ಮೇಲೆ ತೂಗ್ತಾ ಇದೆ, ಆಕಾಶ ಕಪ್ಪಿಟ್ಟಿದೆ, ಗಾಳಿ ಏಳ್ತಿದೆ, ಅವನು ಮೇಲೆ ಕೂತು ಸತ್ತ ಹೆಂಡತಿ ಜೊತೆ ಮಾತಾಡ್ತಿದಾನೆ. ನೀವಾಗಿದ್ದರೆ ಏನು ಮಾಡ್ತಿದ್ದಿರಿ, ಹೇಳಿ?

ಒಳಗೆ ಕೂಸು ಅತ್ತಿತು. ಕೊಂಬೆ ಚಿಟ್ಟ್ ಅಂತು. ಮೇಲಿಂದ, “ಕೆಳಗ್ಯಾರು?”

ಈ ಸಲ ದರ್ಜಿಯಕ್ಕ ಬೇರೆ ದನಿಗೆ ಎಡೆ ಕೊಡಲಿಲ್ಲ. “ಯಾರೂ ಇಲ್ಲ! ಕಡಿಯಣ್ಣಾ!”

ಎಲೆ ಸರಿಸಿ ಮರದಣ್ಣ ಕೆಳಗೆ ಬಗ್ಗಿದ. “ಅಕ್ಕಾ... ನೋಡಿ ಹೇಳ್ತಿದ್ದೀರಾ?”

ಅವಳು ಪೊದೆ ಕಡೆ ನೋಡಿದಳು. ಹುಲ್ಲು ಯಾರೋ ಮಂಡಿಯೂರಿದ ಹಾಗೆ ಒತ್ತಿಹೋಗಿತ್ತು. ಹಗ್ಗದ ಸಿಕ್ಕು, ಕೈಯೇ ಇಲ್ಲದ ಜಾಗದಲ್ಲಿ, ಮೆಲ್ಲಗೆ ಬಿಚ್ಚಿಕೊಳ್ತಾ ಇತ್ತು.

“ನೋಡೇ ಹೇಳ್ತಿದ್ದೀನಿ. ಯಾರೂ ಇಲ್ಲ.”

ಏಟು ಬಿತ್ತು. ಕಟ್ಟಿದ್ದ ಹಗ್ಗದ ಎಳೆತಕ್ಕೆ ಕೊಂಬೆ ಮನೆ ಬಿಟ್ಟು ಪೊದೆ ಮೇಲೆ ಬಂತು. ಕೊಂಬೆ ಬಿದ್ದ ಸದ್ದಿನೊಳಗೆ ಇನ್ನೊಂದು ಸದ್ದಿತ್ತು... ಬೇಡ ಬಿಡಿ. ಆಮೇಲೆ ಅವನು ಕೂಗಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದು ದರ್ಜಿಯಕ್ಕ ಒಬ್ಬಳೇ. ಬುಡದ ತನಕ ಇಳಿಸಿದ. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು, ಹೋಗೋವಾಗ ಒಂದೇ ಮಾತು ಅಂದ.

“ನಿಮ್ಮ ಯಜಮಾನರು ನೋಡದೆ ಹೇಳಿದರು ಅಕ್ಕಾ. ನೀವು ನೋಡಿ ಹೇಳಿದಿರಿ.”

ಆ ರಾತ್ರಿ ಬಂದ ಗಾಳಿಗೆ ಬೀದೀಲಿ ಎಷ್ಟೋ ಮನೆ ಚಾವಣಿ ಹಾರಿದವು. ಈ ಮನೆಯ ಒಂದು ಹೆಂಚೂ ಅಲುಗಲಿಲ್ಲ. ಕೂಸು ಉಳೀತು. ಮರದಣ್ಣ ಆ ಮಳೆಗಾಲ ದಾಟಲಿಲ್ಲ.

ಆಮೇಲಿಂದ ಶುರುವಾಯಿತು. ಜೋರು ಮಳೆ ಬಂದಾಗ, ಮರವೇ ಇಲ್ಲದ ಬರೀ ಆಕಾಶದಿಂದ, ಆ ಕೊಂಬೆ ಇದ್ದಷ್ಟೇ ಎತ್ತರದಿಂದ ಕೇಳತ್ತೆ... “ಕೆಳಗ್ಯಾರು?” ದರ್ಜಿಯಕ್ಕ ಕೂಸನ್ನ ಅವುಚಿಕೊಂಡು ಹೊರಗೆ ಬಂದು, “ನಾವಿದ್ದೀವಣ್ಣಾ!” ಅನ್ನೋಳು. ಅಷ್ಟಕ್ಕೆ ಸುಮ್ಮನಾಗ್ತಿತ್ತು. ಒಂದು ವರ್ಷ ಅಳಿಯ ಬಂದಿದ್ದ. ಹುಡುಗಾಟ, ಇದೇ ಜಾಗದಲ್ಲಿ ನಿಂತು, “ಯಾರೂ ಇಲ್ಲ, ಹೋಗೋ!” ಅಂದುಬಿಟ್ಟ. ಮುಂದಿನ ಕೋಣೆ ಗೋಡೇಲಿ ನಗ್ತಿರೋ ಹುಡುಗನ ಫೋಟೋ ನೋಡಿದ್ದೀರಲ್ಲ? ಅವನೇ. ಅವನ ಮೇಲೆ ಬಿದ್ದದ್ದು ಏನು ಅಂತ ಯಾರಿಗೂ ಗೊತ್ತಾಗಲಿಲ್ಲ. ಬೀಳೋಕೆ ಮೇಲೆ ಏನಿತ್ತು?

ಹುಡುಗಿಯರು ಸ್ಟೂಲು ಇನ್ನಷ್ಟು ಹತ್ತಿರ ಎಳೆದುಕೊಂಡರು. ಕಾಜಾದವಳು ಮೆಲ್ಲಗೆ ನಕ್ಕು, “ಸುಳ್ಳೇ ಹೆದರಿಸ್ತೀರ ಅಜ್ಜಿ,” ಅಂದಳು.

ಅಜ್ಜಿಯ ಸೂಜಿ ಅರ್ಧ ಹೊಲಿಗೆಯಲ್ಲಿ ನಿಂತಿತ್ತು. ಹುಡುಗಿಯರಿಗೆ ತಗಡಿನ ಮೇಲಿನ ಮಳೆ ಬಿಟ್ಟರೆ ಬೇರೇನೂ ಕೇಳಿಸಿರಲಿಲ್ಲ. ಅವಳು ಮುಖ ಮೇಲೆತ್ತಿ, ದೂರದವರಿಗೆ ಹೇಳುವ ಹಾಗೆ ಗಟ್ಟಿಯಾಗಿ, “ಇದ್ದೀವಪ್ಪಾ, ಇದ್ದೀವಿ!” ಅಂದಳು.

ಆಮೇಲೆ ಅವರ ಕಡೆ ತಿರುಗಿದಳು.

“ನೀವೂ ಹೇಳಿ, ಒಬ್ಬೊಬ್ಬರಾಗಿ. ದನಿ ಕೊಡದೋರು ಇಲ್ಲ ಅಂತಲೇ ಅವನ ಲೆಕ್ಕ.”