ತಾರಸಿ ಮೇಲಿನ ಚೆಂಡುಹೂವು

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಊದಿದ ಕೆನ್ನೆ ಹಿಡಿದು ಕೂತಿದ್ದ ಮೇಷ್ಟ್ರ ಕಿವಿ ಪೂರ್ತಿ ಪಕ್ಕದ ತಾಯಿ-ಮಗಳ ಕಡೆಗಿತ್ತು.

“ವಿಮಾನದಲ್ಲಿ ಬರೋ ಗುಲಾಬಿ ನನ್ನ ಮದುವೆಗೆ ಬೇಡಮ್ಮ. ಪ್ಲಾಸ್ಟಿಕ್ ಹೂವೂ ಬೇಡ.”

“ಮತ್ತೇನು, ಕೊತ್ತಂಬರಿ ಸೊಪ್ಪು ಕಟ್ಟೋಣ್ವಾ?”

“ಇಲ್ಲೇ ಬೆಳೆದ ಹೂವು ಸಾಕು. ಆದ್ರೆ ಇನ್ನು ಹದಿನೈದೇ ದಿನ, ಯಾರು ಬೆಳೆದುಕೊಡ್ತಾರೆ?”

“ನಮ್ಮ ತಾರಸಿ ಮೇಲೆ ನಲವತ್ತು ಕುಂಡ ಚೆಂಡುಹೂವು ಮೊಗ್ಗು ಬಿಟ್ಟಿದೆ.”

“ಅದು ಟೊಮೇಟೊ ಅಂದಿದ್ಯಲ್ಲ!”

“ಒಂದಿನ ಮೇಲೆ ಹತ್ತಿ ನೋಡಿದ್ರೆ ತಾನೇ ನಿಂಗೆ ಗೊತ್ತಾಗೋದು?”

“ಬೀಜ ಹಾಕಿದ್ದು ಯಾವಾಗ?”

“ಆ ಹುಡುಗ ಮೊದಲ ಸಲ ಬಂದು, ಊಟ ಮಾಡಿ ತಟ್ಟೆ ತೊಳೆದಿಟ್ಟನಲ್ಲ, ಅದರ ಮಾರನೇ ದಿನ.”

“ಮತ್ತೆ ಎರಡು ತಿಂಗಳು ಈ ಮದುವೆಗೆ ಒಪ್ಪಲ್ಲ ಅಂತ ಹಟ ಹಿಡಿದಿದ್ಯಲ್ಲ, ಅದ್ಯಾಕೆ?”

ನರ್ಸ್ ಕರೆದಳು. ತಾಯಿ ಚೀಲ ಹೆಗಲಿಗೇರಿಸಿ ಒಳಗೆ ನಡೆದಳು.

“ಮೊಗ್ಗು ಬಿಡೋಕೆ ಟೈಮ್ ಬೇಡ್ವೇನೆ?”